ಎರಡೂಕಾಲು ಸುತ್ತು

ಏಪ್ರಿಲ್ ೩

ಘನತೆವೆತ್ತ ಅಕ್ಕನವರ ಸನ್ನಿಧಾನಕ್ಕೆ,

ವಿಷಯ: ನಾಲ್ವರು ಸದಸ್ಯರ ಪ್ರವಾಸ ತಂಡವು ಜೀವಸಹಿತ ತಲುಪಿರುವ ಬಗ್ಗೆ.

ಉಲ್ಲೇಖ: ಹೊರಡುವಾಗ ತಾವು ಅಂಗಡಿ ಬಾಗಿಲಲ್ಲಿ ನಿಂತು, "ತಲುಪಿದ ಕೂಡಲೇ ಬರಿ, ಸುಳ್ಳು ಸೇರಿಸದೆ ಬರಿ" ಎಂದು ನೀಡಿದ ಮೌಖಿಕ ಆದೇಶ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸಬಯಸುವುದೇನೆಂದರೆ, ಅಪ್ಪ, ಅಮ್ಮ, ಅತ್ತೆ ಮತ್ತು ಕೆಳಗೆ ಸಹಿ ಮಾಡಿರುವವಳು ಎರಡು ವಿಮಾನ, ಒಂದು ಬಸ್ಸು, ಒಂದು ದೋಣಿ ಹತ್ತಿಳಿದು ನಿನ್ನೆ ಸಂಜೆ ಇಲ್ಲಿಗೆ ಬಂದು ಬಿದ್ದೆವು. ಬಸ್ಸಿನಲ್ಲಿ ನನ್ನ ಪಕ್ಕ ಕೂತದ್ದು ಒಂದು ಹುಂಜ. ಸಭ್ಯಸ್ಥ. ಅಮ್ಮನ ಪಕ್ಕ ಕೂತದ್ದು ಅತ್ತೆ. ಸೋಪಿನ ಕಂಪನಿಗೆ ತಾನು ಇನ್ನೂರು ಹೊದಿಕೆ ಕಾಗದ ಕಳಿಸಿದ್ದರಿಂದಲೇ ಈ ಬಹುಮಾನ ಬಂತು, ತನ್ನಿಂದಲೇ ಮನೆಮಂದಿ ಆಕಾಶ ಕಂಡರು ಎಂಬ ಚರಿತ್ರೆಯನ್ನು ದಾರಿಯುದ್ದಕ್ಕೂ ಹೇಳಿದರು. ಬಹುಮಾನ ಐದು ಜನಕ್ಕೆ ಇದ್ದಿದ್ದರೆ ನೀನೂ ಕೇಳಿರುತ್ತಿದ್ದೆ. ಪುಣ್ಯವಂತೆ.

ವಸತಿಗೃಹ ನದಿಯ ಮೇಲೆ ಮರದ ಕಾಲೂರಿ ನಿಂತಿದೆ. ತಗಡಿನ ಮಾಡು, ನಾಲ್ಕು ಮಂಚ, ನಾಲ್ಕು ಸೊಳ್ಳೆಪರದೆ, ಬಚ್ಚಲಲ್ಲಿ ಒಂದು ಕಪ್ಪೆ. ಸೆಖೆ ಎಂದರೆ ಅಂಗಿ ಒಣಗುವುದೇ ಇಲ್ಲ, ಮೈಮೇಲೂ ಇಲ್ಲ, ಹಗ್ಗದ ಮೇಲೂ ಇಲ್ಲ. ಒಡತಿಯು ನಮ್ಮ ದೇಶದ ಆಸ್ಪತ್ರೆಯೊಂದರಲ್ಲಿ ಹನ್ನೆರಡು ವರ್ಷ ನರ್ಸ್ ಆಗಿದ್ದವಳು. ನಮ್ಮ ಭಾಷೆಯನ್ನು ರೋಗಿಗಳಿಂದ ಕಲಿತಿದ್ದರಿಂದ ಎಲ್ಲರ ಹತ್ತಿರವೂ ಹಾಗೇ ಮಾತಾಡುತ್ತಾಳೆ. "ನಿಧಾನಕ್ಕೆ ಎದ್ದೇಳಿ, ಊಟ ಬಂದಿದೆ. ಎಲ್ಲಿ, ಸ್ವಲ್ಪ ಬಾಯಿ ತೆರೀರಿ." ನಾವು ನರ್ಸಮ್ಮ ಎಂದು ಹೆಸರಿಟ್ಟಿದ್ದೇವೆ.

ಈಗ ಮುಖ್ಯ ವರದಿ. ನದಿಯ ಮೇಲಕ್ಕೆ ಒಂದು ದಿನದ ದಾರಿಯಲ್ಲಿ ಕಾಡಿನ ಶಿಬಿರವಿದೆ; ಮರದ ಮೇಲೆ ಮನೆ, ಪಕ್ಕದಲ್ಲಿ ಜಲಪಾತ. ಅಲ್ಲಿಗೆ ಹೋಗುವ ದೋಣಿ ನರ್ಸಮ್ಮನದು. ನಡುವೆ ಬಂಡೆಸಾಲು ಇರುವುದರಿಂದ ಭಾರ ಐನೂರು ಕಿಲೋ ಮೀರುವಂತಿಲ್ಲ. ಹಾಗಾಗಿ ಕಟ್ಟೆಯ ಮೇಲೆ ಒಂದು ತಕ್ಕಡಿ! ನಿಂತು ತೂಗುವ ಹಲಗೆ, ಗಡಿಯಾರದಂಥ ದುಂಡು ಮುಖ, ಕೆಂಪು ಮುಳ್ಳು. ಬಂದವರನ್ನೆಲ್ಲ ಅದರ ಮೇಲೆ ನಿಲ್ಲಿಸಿ ದೋಣಿಯವನು ಸ್ಲೇಟಿನಲ್ಲಿ ಬರೆದುಕೊಳ್ಳುತ್ತಾನೆ. ಕಿವಿಯ ಹಿಂದೆ ಸೀಮೆಸುಣ್ಣ ಸಿಕ್ಕಿಸಿಕೊಂಡಿರುವ ಸಣಕಲ ಮನುಷ್ಯ, ಮಾತು ಕಡಿಮೆ.

ತಕ್ಕಡಿ ಕಂಡ ಕೂಡಲೇ ಅಪ್ಪನ ಕಣ್ಣು ಹೇಗಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ಮೂವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದ ಕೈ. ಆದರೆ ಅಮ್ಮ ವಿಮಾನದಲ್ಲೇ ಆಣೆ ಹಾಕಿಸಿಕೊಂಡಿದ್ದಾಳೆ. "ಒಂದು ತಿಂಗಳು ಯಾವ ತಕ್ಕಡೀನೂ ಮುಟ್ಟಬಾರದು, ತಿರುಗಿ ನೋಡಬಾರದು. ನೋಡಿದ್ರೆ ನನ್ನಾಣೆ." ಅಪ್ಪ ಕಣ್ಣು ಮುಚ್ಚಿಕೊಂಡು ಹತ್ತಿ, ಮುಚ್ಚಿಕೊಂಡೇ ಇಳಿದರು. ಕೆಳಗಿಳಿಯುವಾಗ ಮುಗ್ಗರಿಸಿದರು.

ಅತ್ತೆಯ ಸರದಿ ಬಂದಾಗ ನರ್ಸಮ್ಮ ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. "ಎಂಬತ್ನಾಲ್ಕು! ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ?" ಅತ್ತೆ ಆಗಿನಿಂದ ಕೋಣೆ ಬಿಟ್ಟು ಹೊರಬಂದಿಲ್ಲ.

ಇಲ್ಲಿ ಫೋನಿಲ್ಲ. ಅಂಚೆದೋಣಿ ದಿನ ಬಿಟ್ಟು ದಿನ. ಪತ್ರ ನಿನಗೆ ಮುಟ್ಟಲು ನಾಲ್ಕು ದಿನ ಎನ್ನುತ್ತಾರೆ.

ತಮ್ಮ ವಿಧೇಯ,
ಪ್ರವಾಸ ತಂಡದ ಗೌರವ ಕಾರ್ಯದರ್ಶಿ

—

ಏಪ್ರಿಲ್ ೮

ಚೇಳುಮರಿ,

ಪತ್ರ ನಿನ್ನೆ ಬಂತು. ಹುಂಜದ ವಿಷಯ ನಿಜವಿರಬಹುದು ಎಂದುಕೊಂಡಿದ್ದೇನೆ.

ಇಲ್ಲಿ ವಿಶೇಷವಿಲ್ಲ. ತರಕಾರಿಯವರ ಎರಡು ತಕ್ಕಡಿ ಬಂದಿವೆ, ಹಳೇ ಕಾಗದ ಕೊಳ್ಳುವವನ ದೊಡ್ಡದೊಂದು ಬಂದಿದೆ. ಮಧ್ಯಾಹ್ನ ಅನ್ನಕ್ಕೆ ನೀರು ಹೆಚ್ಚಾಯಿತು. ಅಮ್ಮನಿಗೆ ಹೇಳಬೇಡ.

ಒಂದು ಕೆಲಸವಿದೆ. ತೂಕ-ಅಳತೆಗೆ ಮುದ್ರೆ ಹಾಕುವ ಇನ್‌ಸ್ಪೆಕ್ಟರ್ ಇಪ್ಪತ್ತೆಂಟಕ್ಕೆ ಬರುತ್ತಾರಂತೆ. ಪ್ರತಿವರ್ಷ ಜೂನ್‌ನಲ್ಲಿ ಬರುತ್ತಿದ್ದವರು ಈ ಸಲ ಬೇಗ. ಅವರು ಮೊದಲು ನೋಡುವುದೇ ನಮ್ಮ ಮಾದರಿ ತೂಕದ ಬಟ್ಟುಗಳನ್ನು. ಆ ಬಟ್ಟುಗಳ ಪೆಟ್ಟಿಗೆಯ ಕೀಲಿ ಮೊಳೆಯಲ್ಲಿಲ್ಲ, ಮೇಜಿನಲ್ಲಿಲ್ಲ, ಅಪ್ಪನ ಹಳೇ ಕೋಟಿನಲ್ಲೂ ಇಲ್ಲ. ಪೆಟ್ಟಿಗೆ ತೆರೆಯದಿದ್ದರೆ ಮುದ್ರೆ ಇಲ್ಲ, ಮುದ್ರೆ ಇಲ್ಲದಿದ್ದರೆ ಒಂದು ವರ್ಷ ಅಂಗಡಿಯಲ್ಲಿ ರಿಪೇರಿ ಮಾಡುವಂತಿಲ್ಲ.

ಅಪ್ಪನನ್ನು ಕೇಳು. ನಾನು ಕೇಳಿದೆ ಅನ್ನಬೇಡ, ಅಂಗಡಿ ಕೇಳಿತು ಅನ್ನು.

ನೀರಿನ ಹತ್ತಿರ ಆಟ ಬೇಡ.

ಅಕ್ಕ

—

ಏಪ್ರಿಲ್ ೯

ಮಹಾಮಹಿಮ ಅಕ್ಕನವರಿಗೆ,

ವಿಷಯ: ಪವಾಡ.

ಇದನ್ನು ಕಟ್ಟೆಯ ಮೇಲೆ ಕೂತು, ತೊಡೆಯನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದೇನೆ. ಕಾಡಿನ ಶಿಬಿರಕ್ಕೆ ಹೊರಡಲು ಇನ್ನು ಅರ್ಧ ಗಂಟೆ. ಅಂಚೆಚೀಲ ಕಟ್ಟುವ ಮೊದಲು ಈ ಐತಿಹಾಸಿಕ ಘಟನೆ ದಾಖಲಾಗಬೇಕು.

ಆರು ದಿನ ಅತ್ತೆ ಕೋಣೆಯಲ್ಲೇ ಇದ್ದರು. "ನೀವು ಹೋಗ್ಬನ್ನಿ. ಬಹುಮಾನ ಬಂದಿದ್ದೂ ನನಗೆ, ಮರ್ಯಾದೆ ಹೋಗಿದ್ದೂ ನನಗೆ." ಅಮ್ಮ ಕರೆದಳು, ಅಪ್ಪ ಕರೆದರು. ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಇವತ್ತು ಬೆಳಿಗ್ಗೆ ನಾನು ಹೋಗಿ, "ಅತ್ತೆ, ಇಲ್ಲಿ ಬಂದ ಮೇಲೆ ನೀವು ಇಳಿದಿದ್ದೀರ, ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದು ಗಂಭೀರವಾಗಿ ನಿವೇದಿಸಿದೆ. "ಹೋಗೇ ಚೇಳೇ" ಎಂದರು. ಆದರೆ ಎದ್ದರು.

ಹತ್ತಿ ನಿಂತರು. ಕೆಂಪು ಮುಳ್ಳು ಎಪ್ಪತ್ತೆಂಟಕ್ಕೆ ಬಂದು ನಿಂತಿತು.

ಅಕ್ಕ, ಆ ಮುಖ ನೀನು ನೋಡಬೇಕಿತ್ತು! ಎರಡನೇ ಸಲ ಹತ್ತಿದರು. ಮೂರನೇ ಸಲ ಹತ್ತಿದರು. "ನನ್ನ ಮದುವೆಯಲ್ಲಿ ಇಷ್ಟಿದ್ದೆ" ಎಂದು ನರ್ಸಮ್ಮನ ಕೈ ಹಿಡಿದುಕೊಂಡರು. ಅಮ್ಮನೂ ಇಳಿದಿದ್ದಾಳೆ, ಅಪ್ಪನೂ ಇಳಿದಿದ್ದಾರೆ (ಅವರು ಎಂದಿನಂತೆ ಕಣ್ಣು ಮುಚ್ಚಿದ್ದರು). ಕೊನೆಗೆ ಸಂತೋಷ ತಡೆಯಲಾರದೆ ಅತ್ತೆ ಕೆಳಗಿಳಿದು ತಮ್ಮ ಕೈಚೀಲವೊಂದನ್ನೇ ಹಲಗೆಯ ಮೇಲಿಟ್ಟರು. ಕನ್ನಡಕ, ಮಾತ್ರೆ, ಛತ್ರಿ, ಸೋಪು ಎಲ್ಲ ತುಂಬಿರುವ ಚೀಲ. ಮುಳ್ಳು ಸೊನ್ನೆಯಿಂದ ಅಲ್ಲಾಡಲೇ ಇಲ್ಲ! ಚೀಲಕ್ಕೆ ತೂಕವೇ ಇಲ್ಲವೆಂದು ತಕ್ಕಡಿ ತೀರ್ಪು ಕೊಟ್ಟಿತು. ಈ ದೇಶದ ಗಾಳಿಗೆ ಏನೋ ಶಕ್ತಿ ಇದೆ ಎಂಬುದು ತಂಡದ ಸರ್ವಾನುಮತದ ಅಭಿಪ್ರಾಯ.

ಭಾರ ಕಡಿಮೆ ಬಂದದ್ದರಿಂದ ನರ್ಸಮ್ಮ ಶಿಬಿರದ ಸಾಮಾನಿನ ಮೂಟೆಗಳನ್ನೂ ಇದೇ ದೋಣಿಗೆ ಹಾಕಿಸುತ್ತಿದ್ದಾಳೆ. ಕರೆಯುತ್ತಿದ್ದಾರೆ. ಅತ್ತೆ ಎಲ್ಲರಿಗಿಂತ ಮೊದಲು ದೋಣಿಯಲ್ಲಿ ಕೂತಿದ್ದಾರೆ!

ಪವಾಡದ ಪ್ರತ್ಯಕ್ಷ ಸಾಕ್ಷಿ,
ಗೌ. ಕಾ.

—

ಏಪ್ರಿಲ್ ೧೩

ಚೇಳುಮರಿ,

ಪವಾಡದ ಪತ್ರ ಈಗ ಅರ್ಧ ಗಂಟೆ ಹಿಂದೆ ಬಂತು. ಅಂಗಡಿ ಬಾಗಿಲು ಅರ್ಧ ಎಳೆದು ಬರೆಯುತ್ತಿದ್ದೇನೆ.

ಎರಡು ಕಿಲೋ ಚೀಲಕ್ಕೆ ಮುಳ್ಳು ಅಲ್ಲಾಡದಿದ್ದರೆ ಅದು ಗಾಳಿಯ ಶಕ್ತಿಯಲ್ಲ. ಮುಳ್ಳು ಸೊನ್ನೆಗಿಂತ ಕೆಳಗೆ ಹೋಗಬೇಕಿತ್ತು, ಹೋಗಲಾಗದೆ ತಡೆಮೊಳೆಗೆ ಒತ್ತಿಕೊಂಡು ನಿಂತಿದೆ. ನೋಡಿದವರಿಗೆ ಸೊನ್ನೆಯಲ್ಲೇ ಇದ್ದ ಹಾಗೆ ಕಾಣುತ್ತದೆ. ಸ್ಪ್ರಿಂಗು ಸೋತಿದ್ದರೆ ಭಾರದವರಿಗೆ ಹೆಚ್ಚು ತಪ್ಪು, ಹಗುರದವರಿಗೆ ಕಡಿಮೆ ತಪ್ಪು ಬರುತ್ತಿತ್ತು. ಚೀಲದಂಥ ಹಗುರದ್ದು ಅಲ್ಪಸ್ವಲ್ಪವಾದರೂ ತೋರಿಸುತ್ತಿತ್ತು. ಇದು ಸೊನ್ನೆಯ ತಿರುಪನ್ನು ಯಾರೋ ತಿರುಗಿಸಿದ ಕೆಲಸ. ಆ ತಿರುಪು ಎಲ್ಲಿರುತ್ತದೆಂದು ನಿನಗೆ ಐದನೇ ವಯಸ್ಸಿನಿಂದ ಗೊತ್ತು.

ಅತ್ತೆಯನ್ನು ಕೋಣೆಯಿಂದ ಹೊರಗೆ ತರಬೇಕೆಂದು ಮಾಡಿದ್ದೀಯ. ಅರ್ಥವಾಗುತ್ತದೆ. ಆದರೆ ನೀನು ಲೆಕ್ಕ ತಪ್ಪಿದ್ದೀಯ. ಆರು ಕಿಲೋ ಕಡಿಮೆ ಆದದ್ದು ಅತ್ತೆಗೆ ಮಾತ್ರ ಅಲ್ಲ, ಹಲಗೆ ಹತ್ತಿದ ಪ್ರತಿಯೊಂದಕ್ಕೂ. ನೀವು ನಾಲ್ವರು, ದೋಣಿಯವನು, ಐದು ಪೆಟ್ಟಿಗೆ. ಹತ್ತು ಸಲ ತೂಗಿದರೆ ಅರವತ್ತು ಕಿಲೋ. ಆ ಅರವತ್ತು ಕಿಲೋ ಜಾಗಕ್ಕೆ ಮೂಟೆ ಹಾಕಿದ್ದಾರೆ.

ಈ ಪತ್ರ ಸಿಕ್ಕ ಕೂಡಲೇ ಹೋಗಿ ತಿರುಪನ್ನು ಹಿಂದಕ್ಕೆ ತಿರುಗಿಸು. ಯಾರೂ ಮತ್ತೆ ದೋಣಿ ಹತ್ತುವ ಮೊದಲು. ನೀವೆಲ್ಲ ಸುಖವಾಗಿದ್ದೀರಿ ಎಂದು ಒಂದು ಸಾಲು ಬರಿ. ಒಂದೇ ಸಾಲು. ಸನ್ನಿಧಾನ ಗಿನ್ನಿಧಾನ ಬೇಡ.

ಅಕ್ಕ

—

ಏಪ್ರಿಲ್ ೧೩

ಪ್ರೀತಿಯ ಅಕ್ಕನಿಗೆ,

ವಿಷಯ: ಜಲಸಾಹಸ.

ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕ್ಷೇಮ. ನಾವು ಶಿಬಿರಕ್ಕೆ ಹೋಗಲಿಲ್ಲ. ಜಲಪಾತ ನೋಡಲು ಹೋದವರು ದೋಣಿಯೊಳಗೇ ಜಲಪಾತ ನೋಡಿದೆವು.

ಒಂಬತ್ತನೇ ತಾರೀಖು ಹೊರಟು ಮೂರು ಗಂಟೆಯಾಗಿತ್ತು. ಬಂಡೆಸಾಲಿನಲ್ಲಿ ದೋಣಿಯ ತಳ ಕರ್ ಎಂದಿತು. ದೋಣಿಯವನು ಕೋಲು ಊರಿ ಹಿಂದಕ್ಕೆ ತಳ್ಳಿದ. ಅಲ್ಲಾಡಲಿಲ್ಲ. ಇನ್ನೊಮ್ಮೆ ತಳ್ಳುವಷ್ಟರಲ್ಲಿ ಹಲಗೆ ಸೀಳಿ ಒಂದು ಗೇಣು ನೀರು ಬಂತು, ಆಮೇಲೆ ಮೊಣಕಾಲಿನ ತನಕ. ಅಮ್ಮ ನನ್ನ ಜಡೆ ಹಿಡಿದುಕೊಂಡಳು, ಈಗಲೂ ಬುಡ ನೋಯುತ್ತಿದೆ. ದೋಣಿಯವನು ನೀರಿಗೆ ಹಾರಿ ಒಬ್ಬೊಬ್ಬರನ್ನೇ ಮರಳುದಿಬ್ಬಕ್ಕೆ ಸಾಗಿಸಿದ. ಅತ್ತೆಯನ್ನು ಬೆನ್ನ ಮೇಲೆ ಹೊತ್ತ. ಅತ್ತೆ ಅವನ ಕುತ್ತಿಗೆ ಬಳಸಿ, "ಹೆದರಬೇಡಪ್ಪಾ, ನಾನು ಈಗ ಹಗುರ ಆಗಿದ್ದೀನಿ" ಎಂದರು. ಎರಡು ಹೆಜ್ಜೆ ಆದ ಮೇಲೆ ಅವನು ಜಾರಿದ. ಅತ್ತೆ ಮರಳಿಗೆ ಬಿದ್ದರು, ಅವನ ಮುಂಗೈ ಬಂಡೆಗೆ ಬಿತ್ತು. ಮುರಿದಿದೆ.

ಐದು ಗಂಟೆ ದಿಬ್ಬದ ಮೇಲೆ ಕೂತಿದ್ದೆವು. ಮೂರು ಪೆಟ್ಟಿಗೆ ಹೋದವು. ಅಪ್ಪನ ಒಂದು ಚಪ್ಪಲಿ ಹೋಯಿತು, ಇನ್ನೊಂದನ್ನು ಅವರು ಬಿಸಾಡಲು ಒಪ್ಪಲಿಲ್ಲ. ಆಮೇಲೆ ಬೇರೆ ದೋಣಿ ಬಂತು.

ನರ್ಸಮ್ಮನಿಗೆ ಸಿಟ್ಟು ಬಂದಿದೆ. ಇಪ್ಪತ್ತು ವರ್ಷದಲ್ಲಿ ದೋಣಿಗೆ ಒಂದು ಗೀರು ಬಿದ್ದಿರಲಿಲ್ಲವಂತೆ. ಅಮ್ಮನಿಂದ ಆಣೆ ಬಿಡಿಸಿ, ತಕ್ಕಡಿ ಪರೀಕ್ಷೆ ಮಾಡಿಕೊಡಿ ಎಂದು ಅಪ್ಪನನ್ನು ಕೇಳಿದಳು. ಮುದ್ರೆಯ ಬಟ್ಟು ಇಲ್ಲವಲ್ಲ, ಕಟ್ಟೆಯಲ್ಲಿದ್ದ ಪರೀಕ್ಷೆಕಲ್ಲನ್ನು ನಂಬದೆ ಅಪ್ಪ ಇಪ್ಪತ್ತು ಕಿಲೋ ಆಗುವಷ್ಟು ನೀರನ್ನು ಲೀಟರಿನಲ್ಲಿ ಅಳೆದು ಡಬ್ಬಕ್ಕೆ ತುಂಬಿ ಇಟ್ಟರು. ಹದಿನಾಲ್ಕು ತೋರಿಸಿತು. ಹಿಂದಿನ ಮುಚ್ಚಳ ತೆಗೆದರು. ತಿರುಪಿನ ತಲೆಯ ಮೇಲೆ ಹೊಸ ಗೀರು.

"ತಕ್ಕಡಿ ಸುಳ್ಳು ಹೇಳಲ್ಲಮ್ಮ" ಅಂದರು ಅಪ್ಪ. "ಅದರ ಕೈಲಿ ಸುಳ್ಳು ಹೇಳಿಸ್ತಾರೆ. ಯಾರೋ ಬೇಕಂತಲೇ ತಿರುಗಿಸಿದ್ದಾರೆ."

ನರ್ಸಮ್ಮ, "ಅವನೇ. ಮೂಟೆಗೆ ಅಂತ ಎರಡನೇ ಸಲ ದೋಣಿ ಹೊಡೆಯೋಕೆ ಸೋಮಾರಿತನ. ಎಲ್ಲಾ ಒಂದೇ ಡೋಸಿನಲ್ಲಿ ಮುಗಿಸೋಣ ಅಂತ" ಎಂದಳು. ಅಪ್ಪ ಒಂದು ಹಾಳೆಯ ಮೇಲೆ ಕಂಡದ್ದನ್ನು ಬರೆದು, "ಉದ್ದೇಶಪೂರ್ವಕ" ಎಂದು ಸೇರಿಸಿ ಸಹಿ ಹಾಕಿದರು. ತಿರುಪಿನ ಮೇಲೆ ಕಾಗದ ಅಂಟಿಸಿ, ಯಾರೂ ಮುಟ್ಟಬಾರದು ಎಂದರು. ದೋಣಿಯವನನ್ನು ಕೆಲಸದಿಂದ ಬಿಡಿಸಿದ್ದಾರೆ. ಕೈಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಹೋದ. ಬೇರೆ ದೋಣಿಯವರೂ ಅವನನ್ನು ಕರೆಯುವುದಿಲ್ಲವಂತೆ. ನದಿಯಲ್ಲಿ ಸುದ್ದಿ ಬೇಗ ಹರಿಯುತ್ತದೆ.

ಕೀಲಿಯ ವಿಷಯ: ಅಪ್ಪನ ಕೊರಳ ದಾರದಲ್ಲಿದೆ. ನೀರಿಗೆ ಬಿದ್ದಾಗಲೂ ಮೊದಲು ಅದನ್ನೇ ಮುಟ್ಟಿ ನೋಡಿಕೊಂಡರು. ಅಂಗಡಿ ಕೇಳಿತು ಎಂದೆ. "ನಾನು ಬಂದ ಮೇಲೆ ನೋಡೋಣ ಅನ್ನು, ಇನ್‌ಸ್ಪೆಕ್ಟರಿಗೆ ಕಾಯೋಕೆ ಹೇಳಲಿ" ಎಂದರು. ಒಂದು ಕೀಲಿಗೆ ಇಷ್ಟು ಬಿಗುಮಾನ ಯಾಕೋ.

ಇಲ್ಲಿ ಸೆಖೆ.

ತಂಗಿ

—

ಏಪ್ರಿಲ್ ೧೭

ಅಕ್ಕ,

ಹದಿಮೂರನೇ ತಾರೀಖಿನ ನಿನ್ನ ಪತ್ರ ಈಗ ಬಂತು.

ಹೌದು.

ಹೋಗಿ ಹೇಳುತ್ತೇನೆ.

—

ಏಪ್ರಿಲ್ ೧೭

ಚೇಳುಮರಿ,

ನಿನ್ನ ಜಲಸಾಹಸ ಓದಿದೆ. ಎಲ್ಲರೂ ಬದುಕಿದ್ದೀರಿ ಎಂಬ ಸಾಲನ್ನು ಮೂರು ಸಲ ಓದಿದೆ. ಉಳಿದದ್ದನ್ನು ಒಂದೇ ಸಲ.

ನನ್ನ ಹಿಂದಿನ ಪತ್ರ ಇಷ್ಟು ಹೊತ್ತಿಗೆ ನಿನಗೆ ಸಿಕ್ಕಿರಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಮನುಷ್ಯ ನಿಮ್ಮನ್ನೆಲ್ಲ ಹೊತ್ತು ದಡ ಸೇರಿಸಿ, ಕೈ ಮುರಿದುಕೊಂಡು, ಈಗ ಮನೆಯಲ್ಲಿ ಕೂತಿದ್ದಾನೆ. ಅವನನ್ನು ಕೂರಿಸಿದ್ದು ನಿನ್ನ ತಿರುಪು ಮತ್ತು ಅಪ್ಪನ ಸಹಿ. ಅಪ್ಪ ಮೂವತ್ತು ವರ್ಷದಲ್ಲಿ ಸುಳ್ಳಿಗೆ ಸಹಿ ಹಾಕಿದವರಲ್ಲ. ಈಗ ಅವರಿಗೆ ಗೊತ್ತಿಲ್ಲದೆ ಹಾಕಿದ್ದಾರೆ.

ಅಪ್ಪನಿಗೆ ಹೇಳು. ನಂಬುವುದಿಲ್ಲ ಎಂಬುದು ನನಗೆ ಗೊತ್ತು. ಶ್ರದ್ಧಾಂಜಲಿ ಸಭೆಯ ಅಧ್ಯಕ್ಷನ ಹಾಗೆ ಮುಖ ಮಾಡಿಕೊಂಡು ಎಷ್ಟು ಸಲ ನಮ್ಮನ್ನೆಲ್ಲ ಬೇಸ್ತು ಬೀಳಿಸಿದ್ದೀಯ. ಹಾಗಾಗಿ ಬಾಯಿಮಾತು ಬೇಡ. ತಿರುಪಿನ ಮೇಲೆ ಅಪ್ಪ ಕಾಗದ ಅಂಟಿಸಿದ್ದು ಒಳ್ಳೆಯದಾಯಿತು; ನೀನು ಬಿಟ್ಟ ಹಾಗೇ ಇದೆ. ಎಷ್ಟು ಸುತ್ತು ತಿರುಗಿಸಿದೆ, ಯಾವ ಕಡೆಗೆ ತಿರುಗಿಸಿದೆ ಎಂಬುದು ತಿರುಗಿಸಿದವರಿಗೆ ಮಾತ್ರ ಗೊತ್ತಿರುತ್ತದೆ. ಅದನ್ನು ಅಪ್ಪನಿಗೆ ಹೇಳು. ಉಳಿದದ್ದನ್ನು ತಕ್ಕಡಿ ಹೇಳುತ್ತದೆ.

ಇನ್ನೊಂದು ಮಾತು. ಇದು ನಿನಗೆ ಮಾತ್ರ, ಅಪ್ಪನ ಮುಂದೆ ಓದಬೇಡ. ಒಂದು ಕೀಲಿಗೆ ಇಷ್ಟು ಬಿಗುಮಾನ ಯಾಕೋ ಎಂದು ಬರೆದಿದ್ದೀಯ. ಬರೆಯಬಾರದು ಎಂದುಕೊಂಡೇ ಹೇಳುತ್ತಿದ್ದೇನೆ.

ಆರು ವರ್ಷದ ಹಿಂದೆ ನಾನು ಔಷಧಿ ಅಂಗಡಿಯವರ ಸಣ್ಣ ತಕ್ಕಡಿ ರಿಪೇರಿ ಮಾಡಿದ್ದೆ. ನಾನೊಬ್ಬಳೇ ಮಾಡಿದ ಮೊದಲನೆಯದು. ಎರಡು ದಿನಕ್ಕೆ ಅವರು ಅದನ್ನು ಎತ್ತಿಕೊಂಡು ಬಂದು, "ಪುಡಿ ತೂಗೋ ತಕ್ಕಡಿ ಇದು, ಎರಡು ಗ್ರಾಂ ತಪ್ಪಾದ್ರೆ ಯಾರ ಪ್ರಾಣಕ್ಕೆ ಯಾರು ಹೊಣೆ?" ಎಂದು ಕೂಗಾಡಿದರು. ಅಪ್ಪ ಅವರ ಎದುರಿಗೇ ನನ್ನ ಕೈಯಿಂದ ಕೀಲಿ ತೆಗೆದುಕೊಂಡರು. "ಅಜಾಗರೂಕರ ಕೈಲಿ ಮಾದರಿ ಬಟ್ಟು ಇರಬಾರದು" ಎಂದರು. ಸಂಜೆ ಬಿಚ್ಚಿ ನೋಡಿದೆ. ತಟ್ಟೆಯ ಅಡಿಯಲ್ಲಿ ಜಗಿದ ಚೂಯಿಂಗ್ ಗಮ್, ಅದರಲ್ಲಿ ಒತ್ತಿದ ಒಂದು ವಾಷರು. ನಿನ್ನ ಕೋರೆಹಲ್ಲು ಆಗ ಬಿದ್ದಿತ್ತು. ಗಮ್ಮಿನ ಮೇಲೆ ಆ ಹಲ್ಲಿನ ಜಾಗ ಖಾಲಿ ಇತ್ತು.

ನಿನಗೆ ಹತ್ತು ವರ್ಷ. ಅಪ್ಪನ ಸಿಟ್ಟು ಅವತ್ತು ನೆತ್ತಿಗೇರಿತ್ತು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ನಾಳೆ ಎಂದು ಆರು ವರ್ಷವಾಯಿತು. ಈಗಲೂ ಬಟ್ಟು ಬೇಕಾದಾಗಲೆಲ್ಲ ಕೈಚಾಚಿ ಕೇಳಿ ತೆಗೆದುಕೊಳ್ಳುತ್ತೇನೆ, ಕೆಲಸ ಮುಗಿದ ಮೇಲೆ ಎಣಿಸಿ ಕೊಡುತ್ತೇನೆ. ಅವತ್ತು ನಾನು ಸುಮ್ಮನಿದ್ದದ್ದು ನಿನಗೆ ಒಳ್ಳೆಯದಾಯಿತು ಎಂದೇ ಈವರೆಗೂ ನಂಬಿದ್ದೆ. ನಿನ್ನ ಜಲಸಾಹಸ ಓದಿದ ಮೇಲೆ ಆ ನಂಬಿಕೆ ಇಲ್ಲ.

ಅಕ್ಕ

—

ಏಪ್ರಿಲ್ ೨೩

ಅಕ್ಕ,

ವಿಷಯ ಉಲ್ಲೇಖ ಏನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹದಿನೇಳಕ್ಕೇ ಹೇಳಿದೆ. ಊಟಕ್ಕೆ ಕೂತಿದ್ದಾಗ ಎದ್ದು ನಿಂತು, "ತಿರುಪು ತಿರುಗಿಸಿದ್ದು ನಾನು" ಎಂದೆ. ಅಮ್ಮ ತಲೆ ಎತ್ತದೆ, "ಸಾಕು ಕೂತ್ಕೋ, ಸಾರು ಆರ್ತಿದೆ" ಎಂದಳು. ಅತ್ತೆ ನಕ್ಕರು. ನರ್ಸಮ್ಮ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಅಪ್ಪ ಮಾತ್ರ ಹೊರಗೆ ಕರೆದುಕೊಂಡು ಹೋಗಿ, "ಆ ಮನುಷ್ಯನ ಮೇಲೆ ನಿನಗೆ ಕನಿಕರ. ಅದು ಒಳ್ಳೇದೇ. ಆದ್ರೆ ಅದಕ್ಕೋಸ್ಕರ ಸುಳ್ಳು ಹೇಳ್ಬೇಡ ಮಗಾ" ಎಂದು ಬೆನ್ನು ತಟ್ಟಿದರು. ಹುಟ್ಟಿದಾಗಿನಿಂದ ಇವರನ್ನೆಲ್ಲ ಸುಳ್ಳು ನಂಬಿಸಿದವಳು ನಾನು. ನಾಲ್ಕು ದಿನ ಬೇರೆ ಬೇರೆ ಥರ ಹೇಳಿದೆ, ಅತ್ತೂ ಹೇಳಿದೆ. "ಈಗ ಅಳೋದನ್ನೂ ಕಲಿತಳು" ಎಂದರು ಅತ್ತೆ.

ಇಪ್ಪತ್ತೊಂದಕ್ಕೆ ನಿನ್ನ ಎರಡನೇ ಪತ್ರ ಬಂತು. ನಿನ್ನ ಆದೇಶ ಮೀರಿದ್ದೇನೆ. ಎಲ್ಲರನ್ನೂ ಕಟ್ಟೆಗೆ ಕರೆದು ಪೂರ್ತಿ ಓದಿದೆ, ನನಗೆ ಮಾತ್ರ ಎಂದು ಬರೆದ ಭಾಗವನ್ನೂ ಓದಿದೆ. ಗಮ್ ಅಂಟಿಸಿದ್ದು ನನಗೆ ನೆನಪೇ ಇರಲಿಲ್ಲ, ಅಕ್ಕ. ಈಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಿನಗೆ ಆರು ವರ್ಷ ಆದದ್ದು ನನಗೆ ಐದು ನಿಮಿಷದ ಆಟ.

ಓದುವಾಗ ಅಪ್ಪ ನದಿ ನೋಡುತ್ತಿದ್ದರು. ಮುಗಿದ ಮೇಲೆ ಹೋಗಿ ತಕ್ಕಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತರು. ಆಮೇಲೆ ಕೇಳಿದರು.

"ಯಾವ ಕಡೆ?"

"ಎಡಕ್ಕೆ."

"ಎಷ್ಟು?"

"ಎರಡೂಕಾಲು ಸುತ್ತು. ನಾಣ್ಯದ ಅಂಚಿನಲ್ಲಿ."

ಕಾಗದ ಕಿತ್ತರು. ಬಲಕ್ಕೆ ಎರಡು ಸುತ್ತು, ಇನ್ನೊಂದು ಕಾಲು. ನೀರಿನ ಡಬ್ಬ ಇಟ್ಟರು. ಮುಳ್ಳು ಇಪ್ಪತ್ತರ ಗೆರೆಗೆ ಹೋಗಿ ನಿಂತಿತು. ಒಂದು ಕೂದಲು ಆ ಕಡೆ ಇಲ್ಲ, ಈ ಕಡೆ ಇಲ್ಲ. ಅಪ್ಪ ತಮ್ಮ ಹಳೇ ಹಾಳೆಯನ್ನು ನರ್ಸಮ್ಮನಿಂದ ವಾಪಸ್ಸು ಕೇಳಿ ಪಡೆದು, ಅದರ ಹಿಂಬದಿಯಲ್ಲೇ ಹೊಸದು ಬರೆದರು: "ತಿರುಗಿಸಿದ್ದು ನನ್ನ ಮಗಳು. ಯಾರೆಂದು ವಿಚಾರಿಸದೆ 'ಉದ್ದೇಶಪೂರ್ವಕ' ಎಂದು ಬರೆದದ್ದು ನಾನು." ಸಹಿ ಹಾಕಿದರು.

ದೋಣಿಯವನ ಮನೆಗೆ ನಾವು ಮೂವರು ಹೋದೆವು, ಅಪ್ಪ, ನಾನು, ನರ್ಸಮ್ಮ. ಒಂದೇ ಕೋಣೆ. ಬಾಗಿಲಲ್ಲಿ ಅವನ ಹೆಂಡತಿ ಬಲೆ ಹೆಣೆಯುತ್ತಿದ್ದಳು, ನಮ್ಮನ್ನು ನೋಡಿ ಎದ್ದು ಒಳಗೆ ಹೋದಳು. ನರ್ಸಮ್ಮ ಅವನ ಭಾಷೆಯಲ್ಲಿ ಎಲ್ಲ ಹೇಳಿದಳು. ಅವನು ನನ್ನ ಕಡೆ ನೋಡಿ, ಆಕಾಶಕ್ಕೆ ಕೈ ತೋರಿಸಿ ಏನೋ ಅಂದ. ನರ್ಸಮ್ಮ ಹೇಳಲೋ ಬೇಡವೋ ಎಂದು ನಿಂತಳು. ನನಗೆ ಅರ್ಥವಾಗಿತ್ತು.

ಇದನ್ನು ನಿನಗೆ ಬರೆದಿರಲಿಲ್ಲ. ಒಂಬತ್ತನೇ ತಾರೀಖು ಅತ್ತೆಯ ತೂಕ ನೋಡಿ ಅವನಿಗೆ ಅನುಮಾನ ಬಂದಿತ್ತು. ತಕ್ಕಡಿಯ ಮುಖವನ್ನು ಎರಡು ಸಲ ತಟ್ಟಿದ. ಕಟ್ಟೆಯ ತುದಿಯಲ್ಲಿರುವ, ತೂಕ ಗೊತ್ತಿರುವ ಕಲ್ಲನ್ನು ತರಲು ಹೊರಟ. ನಾನು ಅವನ ತೋಳು ಹಿಡಿದು ಮೋಡ ತೋರಿಸಿದೆ, ಮಳೆ ಬರುತ್ತದೆ ಬೇಗ ಎಂದು ಕೈಸನ್ನೆ ಮಾಡಿದೆ. ಅವನು ನಂಬಿದ. ಅವನು ಈಗ ಅಂದದ್ದು ಇಷ್ಟೇ: "ಅವತ್ತು ಮಳೆ ಬರಲಿಲ್ಲ."

ನಾನು ಕ್ಷಮೆ ಕೇಳಿದೆ. ಅಪ್ಪ ಹೊಸ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅದನ್ನು ಮಾತ್ರ ತೆಗೆದುಕೊಂಡ.

ನಿನ್ನೆಯಿಂದ ಅವನು ಕಟ್ಟೆಗೆ ಬರುತ್ತಿದ್ದಾನೆ. ನರ್ಸಮ್ಮ ಎಲ್ಲರ ಎದುರಿಗೆ ಸ್ಲೇಟನ್ನು ಅವನ ಕೈಗೆ ಕೊಟ್ಟಳು. ಒಂದು ಕೈಯಲ್ಲಿ ದೋಣಿ ರಿಪೇರಿ ಆಗುವುದಿಲ್ಲ; ಇನ್ನೊಂದು ಕೈ ನಾನು. ಹಲಗೆಗಳ ಸಂದಿಗೆ ನಾರು ತುರುಕಿ, ಮೇಲೆ ಕರಿ ಟಾರು ಮೆತ್ತುವುದು. ಬೆಳಿಗ್ಗೆ ಆರರಿಂದ. ಜಲಪಾತ ಇಲ್ಲ, ಮರದ ಮನೆ ಇಲ್ಲ. ನಾನು ತುರುಕಿದ್ದನ್ನು ಅವನು ಉಗುರಿನಲ್ಲಿ ಕೆದಕಿ ನೋಡಿ, ಸಡಿಲವಿದ್ದರೆ ಕಿತ್ತು ನನ್ನ ಕೈಗೇ ಕೊಡುತ್ತಾನೆ. ಇವತ್ತು ಏಳು ಸಲ ಕಿತ್ತ. ಎಂಟನೇ ಸಲ ಕೆದಕಿ ಮುಂದಕ್ಕೆ ಹೋದ.

ಅತ್ತೆಯ ಸುದ್ದಿ ಹೇಳದಿದ್ದರೆ ವರದಿ ಅಪೂರ್ಣ. ದೋಣಿ ಒಡೆದಾಗ ಅತ್ತೆ ಅಳಲಿಲ್ಲ, ಪೆಟ್ಟಿಗೆ ಹೋದಾಗ ಅಳಲಿಲ್ಲ. ಆರು ಕಿಲೋ ವಾಪಸ್ಸು ಬಂದಾಗ ಅತ್ತರು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಇವತ್ತು ಟಾರು ಮೆತ್ತಿದ ನನ್ನ ಕೈಗೆ ಎಣ್ಣೆ ಹಚ್ಚಿ ಉಜ್ಜುತ್ತಾ, "ನನಗೋಸ್ಕರ ಮಾಡ್ದೆ ಅಂತ ಗೊತ್ತು ಕಣೇ. ಇನ್ಮೇಲೆ ನನಗೋಸ್ಕರ ಏನೂ ಮಾಡ್ಬೇಡ" ಎಂದರು.

ಲಕೋಟೆ ಗಟ್ಟಿಯಾಗಿ ಕೈಗೆ ತಗುಲುತ್ತಿರುವುದು ಯಾಕೆ ಎಂಬುದನ್ನು ಕೆಳಗೆ ಅಪ್ಪ ಬರೆದಿದ್ದಾರೆ. ಒಂದು ಗಂಟೆ ಪೆನ್ನು ಹಿಡಿದು ಕೂತಿದ್ದರು.

ತಂಗಿ

*ಮಗಳೇ, ಬಟ್ಟುಗಳನ್ನು ಒರೆಸುವಾಗ ಬರಿಗೈಯಲ್ಲಿ ಮುಟ್ಟಬೇಡ. ಬೆವರಿಗೆ ತೂಕ ಇರುತ್ತದೆ. ಇದು ನಿನಗೆ ಗೊತ್ತಿರುವುದೇ. ಬೇರೆ ಏನು ಬರೆಯಬೇಕೆಂದು ತಿಳಿಯದೆ ಬರೆದೆ. ಕೀಲಿ ಇನ್ನು ಮೇಲೆ ನಿನ್ನ ಹತ್ತಿರವೇ ಇರಲಿ. — ಅಪ್ಪ*

—

ಏಪ್ರಿಲ್ ೨೮

ಚೇಳುಮರಿ,

ನೀವು ಹೊರಡುವ ಮೊದಲು ಈ ಪತ್ರ ನಿಮಗೆ ಸಿಗುತ್ತದೋ ಇಲ್ಲವೋ. ನೀನೇ ಮೊದಲು ಬಂದರೆ ಇದು ನಿನ್ನ ಹಿಂದೆ ಬರಲಿ.

ಲಕೋಟೆ ನಿನ್ನೆ ಮಧ್ಯಾಹ್ನ ಬಂತು. ನನ್ನ ಗುಟ್ಟನ್ನು ಕಟ್ಟೆಯ ಮೇಲೆ ಓದಿದ್ದಕ್ಕೆ ನಿನ್ನನ್ನು ಬಯ್ಯಬೇಕೆಂದು ಕೂತೆ. ಬೈಗುಳ ಬರಲಿಲ್ಲ. ಎದ್ದು ಪೆಟ್ಟಿಗೆ ತೆಗೆದೆ. ಬಟ್ಟೆಯಲ್ಲಿ ಹಿಡಿದು ಇಪ್ಪತ್ತೊಂದು ಬಟ್ಟುಗಳನ್ನೂ ಒರೆಸಿ, ಮತ್ತೆ ಒರೆಸಿದೆ. ಎಣಿಸಿದೆ. ಎಣಿಸಿ ಕೊಡಲು ಯಾರೂ ಇರಲಿಲ್ಲ, ಹಾಗೇ ಪೆಟ್ಟಿಗೆಗೆ ಇಟ್ಟೆ.

ಇನ್‌ಸ್ಪೆಕ್ಟರ್ ಇವತ್ತು ಹತ್ತಕ್ಕೆ ಬಂದರು.

"ಅಪ್ಪ ಎಲ್ಲಮ್ಮಾ?"

"ಪ್ರವಾಸ ಹೋಗಿದ್ದಾರೆ ಸಾರ್."

"ಹಾಗಾದ್ರೆ ಬಟ್ಟು ಪೆಟ್ಟಿಗೆ ಕೀಲಿ?"

"ನನ್ನ ಹತ್ತಿರ ಇದೆ."

ಅವರಿಗೆ ಸರಿಯಾಗಿ ಕೇಳಿಸಿತ್ತು. ಆದರೂ ನಾನು ಇನ್ನೊಂದು ಸಲ ಹೇಳಿದೆ.

ಎಲ್ಲ ಬಟ್ಟುಗಳಿಗೂ ಮುದ್ರೆ ಬಿತ್ತು. ದೋಣಿಯವರ ಕೈ ಕೂಡಿಕೊಂಡಿತೇ ಎಂದು ಹೊರಡುವ ಮೊದಲು ವಿಚಾರಿಸಿಕೊಂಡು ಬಾ. ಟಾರು ಬಟ್ಟೆಗೆ ಹತ್ತಿದ್ದರೆ ಒಗೆಯುವುದು ನಿನ್ನ ಕೆಲಸ, ಅಮ್ಮನದಲ್ಲ.

ಬಂದ ದಿನವೇ ಅತ್ತೆಯನ್ನು ನಮ್ಮ ತಕ್ಕಡಿಯಲ್ಲಿ ತೂಗೋಣ. ನಿಮ್ಮ ನರ್ಸಮ್ಮನ ಹಾಗೆ ಕೂಗುವುದಿಲ್ಲ, ಕಿವಿಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಕಲ್ಲಿಟ್ಟು ಪರೀಕ್ಷೆ ಮಾಡುವವಳು ನೀನು. ನಾಣ್ಯವನ್ನು ಬಾಗಿಲ ಹೊರಗೆ ಇಟ್ಟು ಬಾ.

ಅಕ್ಕ